ಆಗುಂಬೆಗೆ ಮಾಲ್ಗುಡಿ ತಂದ ನಿರ್ದೇಶಕ

ಶಂಕರ್ ನಾಗ್ ಅಂದರೆ ಆಟೋಗಳ ಹಿಂದಿನ ಚಿತ್ರ ನೆನಪಾಗುತ್ತದೆ, ಅಲ್ವಾ? ಆ ಅಭಿಮಾನ ಸುಮ್ನೆ ಬಂದದ್ದಲ್ಲ. ಆದರೆ 'ಆಟೋ ರಾಜ'ನ ಅಬ್ಬರದಲ್ಲಿ ಅವರೊಳಗಿನ ನಿರ್ದೇಶಕ ಸ್ವಲ್ಪ ಮರೆಗೆ ಸರಿದುಬಿಟ್ಟ. ನನ್ನ ಪ್ರಕಾರ ಅವರ ದೊಡ್ಡ ಕೆಲಸ ಇರುವುದು ಕ್ಯಾಮೆರಾ ಹಿಂದೆಯೇ. ಅದನ್ನು ಅವರಿಗೆ ಕಲಿಸಿದ್ದು ನಾಟಕ.

1954ರಲ್ಲಿ ಹೊನ್ನಾವರದ ಕಡೆ ಹುಟ್ಟಿದವರು. ಮುಂಬೈಯಲ್ಲಿ ಬ್ಯಾಂಕ್ ಕೆಲಸ ಮಾಡುತ್ತಲೇ ಮರಾಠಿ ರಂಗಭೂಮಿಯಲ್ಲಿ ಪಳಗಿದರು. 1978ರಲ್ಲಿ ಗಿರೀಶ್ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' ಅವರನ್ನು ಕನ್ನಡ ಸಿನಿಮಾಕ್ಕೆ ಕರೆತಂದಿತು. ಎರಡೇ ವರ್ಷಕ್ಕೆ 'ಮಿಂಚಿನ ಓಟ' ನಿರ್ದೇಶಿಸಿದರು. ಕಾರು ಕದಿಯುವವರ ಕಥೆ, ಅಣ್ಣ ಅನಂತ್ ನಾಗ್ ಜೊತೆಗಿದ್ದರು. 1985ರ 'ಆ್ಯಕ್ಸಿಡೆಂಟ್'ನಲ್ಲಿ ರಾಜಕಾರಣಿಯ ಮಗನ ಕಾರು ಫುಟ್‌ಪಾತ್ ಮೇಲೆ ಮಲಗಿದ್ದ ಬಡವರ ಮೇಲೆ ಹರಿಯುತ್ತದೆ. ಆ ಕಥೆ ಇವತ್ತಿಗೂ ಹಳತಾಗಿಲ್ಲ.

ಆಮೇಲೆ ಬಂದದ್ದು ಇಂಗ್ಲಿಷ್ ಕಥೆಗಾರ ಆರ್.ಕೆ. ನಾರಾಯಣ್ ಅವರ ಕಥೆಗಳ ಟಿವಿ ಧಾರಾವಾಹಿ 'ಮಾಲ್ಗುಡಿ ಡೇಸ್'. ನಾರಾಯಣ್ ಅವರಿಗೆ ಪರದೆಯ ಬಗ್ಗೆ ಒಂದು ಹಳೇ ಬೇಸರವಿತ್ತು. ಅವರ 'ಗೈಡ್' ಕಾದಂಬರಿ ಹಿಂದಿ ಸಿನಿಮಾ ಆದಾಗ ಅವರು ಕಲ್ಪಿಸಿದ ಊರು ಮಾಲ್ಗುಡಿಯೇ ಕಾಣೆಯಾಗಿ, ಕಥೆ ರಾಜಸ್ಥಾನಕ್ಕೆ ಹೋಗಿತ್ತು. ಶಂಕರ್ ನಾಗ್ ಮೊದಲು ಹಿಡಿದದ್ದು ಊರನ್ನೇ. ನಿರ್ಮಾಪಕ ಟಿ.ಎಸ್. ನರಸಿಂಹನ್ ಬೆನ್ನಿಗಿದ್ದರು. ತಂಡ ಆಗುಂಬೆಗೆ ಹೋಯಿತು. ವರ್ಷದಲ್ಲಿ ಅರ್ಧ ಕಾಲ ಮಳೆ ಹೊಯ್ಯುವ ಊರಿನಲ್ಲಿ ಶೂಟಿಂಗ್ ಇಟ್ಟುಕೊಳ್ಳಲು ಧೈರ್ಯ ಬೇಕು! ಅಲ್ಲಿನ ದೊಡ್ಡಮನೆಯ ಮರದ ಕಂಬಗಳು, ನಡುವಿನ ತೆರೆದ ಅಂಗಳ, ಎಲ್ಲವೂ ಕಥೆಯ ಹುಡುಗ ಸ್ವಾಮಿಯ ಮನೆಯಾದವು. ಮಾಸ್ಟರ್ ಮಂಜುನಾಥ್ ಸ್ವಾಮಿ, ಅಪ್ಪನಾಗಿ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಮಾತು ಹಿಂದಿ, ಮುಖಗಳು ಮಾತ್ರ ಬಹುಪಾಲು ನಮ್ಮವೇ. ಶುರುವಿನಲ್ಲಿ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಗೆರೆಗಳು, ಜೊತೆಗೆ ಎಲ್. ವೈದ್ಯನಾಥನ್ ಅವರ 'ತಾನಾ ನಾ ನಾ'. ದೂರದರ್ಶನದಲ್ಲಿ ಆ ರಾಗ ಕೇಳಿದರೆ ಸಾಕು, ಮಕ್ಕಳು ಟಿವಿ ಮುಂದೆ ಹಾಜರು.

ಇಲ್ಲಿ ನಾಟಕದವರ ಕೈ ಚೆನ್ನಾಗಿ ಕಾಣುತ್ತದೆ. ಸ್ವಾಮಿ ಅಪ್ಪನ ಎದುರು ಉಗುಳು ನುಂಗುತ್ತಾ ನಿಂತಾಗ ಕ್ಯಾಮೆರಾ ಅವಸರಪಡುವುದಿಲ್ಲ. ಒಂದೇ ದೃಶ್ಯಕ್ಕೆ ಬಂದುಹೋಗುವವರೂ ನಿಜವಾದ ಮನುಷ್ಯರ ಹಾಗೆ ಇರುತ್ತಾರೆ. ಸಣ್ಣ ಪಾತ್ರಕ್ಕೂ ಒಳ್ಳೆ ನಟರನ್ನೇ ಹಾಕುವುದು ರಂಗತಂಡಗಳ ಅಭ್ಯಾಸ.

1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡು ಬಳಿ ನಡೆದ ಕಾರು ಅಪಘಾತದಲ್ಲಿ ಅವರು ತೀರಿಕೊಂಡರು. ಆಗ ವಯಸ್ಸು 35. ಹೆಂಡತಿ ಅರುಂಧತಿ ನಾಗ್ ಬದುಕುಳಿದರು. 2004ರಲ್ಲಿ ಬೆಂಗಳೂರಿನಲ್ಲಿ 'ರಂಗಶಂಕರ' ರಂಗಮಂದಿರ ತೆರೆದದ್ದು ಅವರ ಹಟದಿಂದ. 'ಮಾಲ್ಗುಡಿ ಡೇಸ್' 2006ರಲ್ಲಿ ಮತ್ತೆ ಬಂತು, ಕವಿತಾ ಲಂಕೇಶ್ ಹೊಸ ಕಂತುಗಳನ್ನು ನಿರ್ದೇಶಿಸಿದರು. ಅಷ್ಟು ಹೊತ್ತಿಗೆ ಟಿವಿ ದಿನಕ್ಕೊಂದು ಕಂತಿನ ಧಾರಾವಾಹಿಗಳ ಪಾಲಾಗಿತ್ತು. ಒಂದೇ ಕಂತಿನಲ್ಲಿ ಒಂದು ಸಣ್ಣ ಕಥೆ ಹೇಳಿ ಮುಗಿಸುವವರಿಗೆ ಅಲ್ಲಿ ಜಾಗ ಜಾಸ್ತಿ ಉಳಿದಿರಲಿಲ್ಲ.