ಹಾಡು ನಿಂತಾಗ ಉತ್ತರ ಕೊಡುವವರು ಯಾರು?

ನನ್ನ ಗಿಟಾರ್ ಕ್ಲಾಸಿಗೆ ಬರುವವರಲ್ಲಿ ಒಬ್ಬರು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾರೆ. ಚೆನ್ನಾಗಿ ಹಾಡುತ್ತಾರೆ. ಹೋದ ತಿಂಗಳು ಬಂದು, "ಸರ್, ಬೆಸ್ಸಿ ಸ್ಮಿತ್ ಹಾಡಬೇಕು, ಎಲ್ಲಿಂದ ಶುರು ಮಾಡಲಿ?" ಅಂದರು. ಬೆಸ್ಸಿ ಅಂದರೆ 1920ರ ದಶಕದಲ್ಲಿ ಹೆಸರು ಮಾಡಿದ ಅಮೆರಿಕದ ಗಾಯಕಿ; ಹಾಡುತ್ತಿದ್ದದ್ದು ಬ್ಲೂಸ್, ಅಲ್ಲಿನ ಕಪ್ಪು ಜನರ ಹಾಡು. ಆಗಲೇ ಮನೆಯಲ್ಲಿ ಗಂಟಲು ಒರಟು ಮಾಡಿಕೊಂಡು ಅಭ್ಯಾಸ ಮಾಡಿದ್ದರು. ಎಲ್ಲರೂ ಹಾಗೇ ಮಾಡುತ್ತಾರೆ, ಮೊದಲು ದನಿಗೆ ಕೈ ಹಾಕುತ್ತಾರೆ. ನಾನು ಹೇಳಿದ್ದು ಇಷ್ಟೆ: "ಮೊದಲು ಬೆಸ್ಸಿ ಎಲ್ಲಿ ಹಾಡುವುದಿಲ್ಲವೋ ಅದನ್ನು ಕೇಳಿ."

ಬ್ಲೂಸ್‌ನ ಲೆಕ್ಕ ಸುಲಭ. ಒಂದು ಸುತ್ತಿಗೆ 12 ಬಾರ್, ಅಂದರೆ ತಾಳದ 12 ಆವರ್ತ, ಬಾರಿಗೆ 4 ಎಣಿಕೆ, ಒಟ್ಟು 48. ಅದರಲ್ಲಿ ಮೂರು ಸಾಲು. ಮೊದಲ ಸಾಲು, ಅದೇ ಸಾಲು ಮತ್ತೊಮ್ಮೆ, ಆಮೇಲೆ ಅದನ್ನು ಮುಗಿಸುವ ಮೂರನೆಯದು. ಒಂದೊಂದು ಸಾಲಿಗೆ 16 ಎಣಿಕೆ ಸಿಗುತ್ತದೆ, ಆದರೆ ಮಾತು ಸುಮಾರು ಅರ್ಧದಲ್ಲೇ ಮುಗಿದುಹೋಗುತ್ತದೆ. ಉಳಿದ ಅರ್ಧದಲ್ಲಿ ಯಾರೋ ಉತ್ತರ ಕೊಡಬೇಕು. ಹಳೇ ಹಾಡನ್ನು ಹೊಸದಾಗಿ ಹಾಡುವವರು ಮೊದಲು ತೀರ್ಮಾನ ಮಾಡಬೇಕಾದದ್ದು ಇದನ್ನೇ: ಆ ಜಾಗ ಯಾರಿಗೆ?

ಬೆಸ್ಸಿಗೆ ಉತ್ತರ ಕೊಟ್ಟವರು ಸಾಮಾನ್ಯರಲ್ಲ. 1925ರ ಜನವರಿಯಲ್ಲಿ 'ಸೇಂಟ್ ಲೂಯಿಸ್ ಬ್ಲೂಸ್' ರೆಕಾರ್ಡ್ ಮಾಡಿದಾಗ ಕಾರ್ನೆಟ್ (ಟ್ರಂಪೆಟ್ ಥರದ ತುತ್ತೂರಿ) ಊದಿದ್ದು ಜಾಝ್ ದಿಗ್ಗಜ ಲೂಯಿ ಆರ್ಮ್‌ಸ್ಟ್ರಾಂಗ್. ಜೊತೆಗೆ ಒಂದು ಹಾರ್ಮೋನಿಯಂ, ಅಷ್ಟೆ. ಬೆಸ್ಸಿ ಕೆಲವೇ ಸ್ವರಗಳ ಸುತ್ತ ನಿಂತು, ಅವಸರವಿಲ್ಲದೆ ಹಾಡುತ್ತಾರೆ. ಸಾಲು ಮುಗಿದ ಕೂಡಲೇ ಕಾರ್ನೆಟ್ ಮಾತಾಡುತ್ತದೆ. ಪಕ್ಕದಲ್ಲಿ ಕೂತು "ಹೂಂ, ಹೇಳು" ಅಂದ ಹಾಗೆ.

ಈಗ ಬೆಸ್ಸಿಯ ಹಾಡುಗಳನ್ನು ಗಿಟಾರಿಗೆ ತಂದ ಅಮೆರಿಕದ ಗಾಯಕಿ ರೋರಿ ಬ್ಲಾಕ್ ವಿಷಯಕ್ಕೆ ಬರುತ್ತೇನೆ. 1949ರಲ್ಲಿ ಹುಟ್ಟಿದವರು. ಬೆಳೆದದ್ದು ನ್ಯೂಯಾರ್ಕ್‌ನ ಗ್ರೀನಿಚ್ ವಿಲೇಜ್‌ನಲ್ಲಿ. ಅಲ್ಲಿ ಅವರ ತಂದೆ ಚಪ್ಪಲಿ ಹೊಲಿಯುವ ಅಂಗಡಿ ಇಟ್ಟಿದ್ದರು, ಹಾಡುಗಾರರೆಲ್ಲ ಅಲ್ಲಿಗೆ ಬಂದು ಕೂರುತ್ತಿದ್ದರು. ಹದಿನೈದರ ಆಸುಪಾಸಿನಲ್ಲೇ ಸನ್ ಹೌಸ್, ರೆವರೆಂಡ್ ಗ್ಯಾರಿ ಡೇವಿಸ್ ಅಂಥ ಹಳೇ ಬ್ಲೂಸ್ ಗಿಟಾರಿಗರ ಎದುರು ಕೂತು ಅವರ ಕೈ ನೋಡಿದ ಹುಡುಗಿ. 2006ರಲ್ಲಿ, 1930ರ ದಶಕದ ಬ್ಲೂಸ್ ಗಿಟಾರಿಗ ರಾಬರ್ಟ್ ಜಾನ್ಸನ್ ಹಾಡುಗಳದ್ದೇ ಒಂದು ಪೂರ್ತಿ ಆಲ್ಬಂ ಮಾಡಿದರು. ಅದರಲ್ಲಿ ವಾದ್ಯ ಬದಲಾಗುವ ಪ್ರಶ್ನೆ ಇರಲಿಲ್ಲ. ಗಿಟಾರಿನ ಹಾಡು ಗಿಟಾರಿಗೇ ಬಂತು. 2018ರಲ್ಲಿ ಬೆಸ್ಸಿಯ ಹತ್ತು ಹಾಡು ಎತ್ತಿಕೊಂಡಾಗ ಕಷ್ಟ ಶುರುವಾಯಿತು. ಬೆಸ್ಸಿಯದ್ದು ಪಿಯಾನೊ, ಕಾರ್ನೆಟ್, ಟ್ರಾಂಬೋನ್‌ಗಳ ಲೋಕ. ಗಿಟಾರಿಗೆ ಅಲ್ಲಿ ಜಾಗ ಕಡಿಮೆ.

ಸುಲಭದ ದಾರಿ ಇತ್ತು. ನಾಲ್ಕು ಜನ ಊದುವವರನ್ನು ಕರೆಸಿ ಹಳೇ ರೆಕಾರ್ಡಿನ ಹಾಗೇ ನುಡಿಸಬಹುದಿತ್ತು. ರೋರಿ ಎಲ್ಲವನ್ನೂ ತಾವೇ ನುಡಿಸಿದರು. ಗಿಟಾರ್ ಮೇಲೆ ಗಿಟಾರ್, ಅದರಲ್ಲೇ ಬೇಸ್. ತಾಳಕ್ಕೆ ಟೋಪಿ ಇಡುವ ರಟ್ಟಿನ ಡಬ್ಬ, ಓಟ್ಸ್ ಡಬ್ಬ, ಪ್ಲಾಸ್ಟಿಕ್ ಡಬ್ಬ, ಮರದ ಸೌಟು. ಅಡುಗೆಮನೆ ಸಾಮಾನು ಅಂತ ಕೇಳುವಾಗ ಅನ್ನಿಸುವುದೇ ಇಲ್ಲ.

ಹೀಗೆ ಮಾಡಿದ್ದರಿಂದ ಒಂದು ಲಾಭ ಆಯಿತು. ಬ್ಲೂಸ್ ಹಾಡುವವರ ಗಾಂಧಾರ ನಮ್ಮ ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ಎಲ್ಲೋ ಓಲಾಡುತ್ತದೆ. ಪಿಯಾನೊದಲ್ಲಿ ಅದಕ್ಕೆ ಮನೆಯಿಲ್ಲ, ಎರಡು ಕೀಗಳ ನಡುವೆ ಬರೀ ಸಂದು. ಗಿಟಾರಿನಲ್ಲಿ ತಂತಿ ಎಳೆದರೆ ಸಿಗುತ್ತದೆ. ತಂತಿ ಮೇಲೆ ಸ್ಲೈಡ್ (ಬೆರಳಿಗೆ ಹಾಕುವ ಕೊಳವೆ) ಜಾರಿಸಿದರೂ ಸಿಗುತ್ತದೆ, ಗೋಟುವಾದ್ಯ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರೋರಿ ಬೆರಳಿಗೆ ಸಿಕ್ಕಿಸಿಕೊಳ್ಳುವುದು ನಟ್ಟು ಬಿಚ್ಚುವ ಸೆಟ್ಟಿನ ಸಾಕೆಟ್. ತೂಕ ಜಾಸ್ತಿ, ದನಿ ದಪ್ಪ. ದನಿ ಎಲ್ಲಿಗೆ ಜಾರುತ್ತದೋ ಜೊತೆಗಿರುವ ತಂತಿಯೂ ಅಲ್ಲಿಗೇ ಜಾರಬಲ್ಲದು. ಪಿಯಾನೊ ಇದ್ದಾಗ ದನಿಗೂ ಕೀಗೂ ನಡೆಯುತ್ತಿದ್ದ ಸಣ್ಣ ತಿಕ್ಕಾಟ ಇಲ್ಲಿ ಇಲ್ಲ.

ನಷ್ಟವೂ ಆಯಿತು, ಮುಚ್ಚಿಡುವುದಿಲ್ಲ. 1928ರ 'ಎಂಪ್ಟಿ ಬೆಡ್ ಬ್ಲೂಸ್' ಕೇಳಿ. ಹಾಡು ಉದ್ದ, ಹಾಗಾಗಿ ರೆಕಾರ್ಡಿನ ಎರಡೂ ಮಗ್ಗುಲಿಗೆ ಹಂಚಿದ್ದಾರೆ. ಬಿಟ್ಟುಹೋದ ಗಂಡಸಿನ ಬಗ್ಗೆ ಬೆಸ್ಸಿ ಒಂದೊಂದೇ ಸಾಲು ಹೇಳುತ್ತಿದ್ದರೆ, ಚಾರ್ಲಿ ಗ್ರೀನ್ ಟ್ರಾಂಬೋನ್‌ನಲ್ಲಿ ಗುರುಗುಟ್ಟುತ್ತಾರೆ, ಅಣಕಿಸುತ್ತಾರೆ. ಒಮ್ಮೊಮ್ಮೆ ಆ ಗಂಡಸೇ ಬಾಗಿಲ ಹೊರಗೆ ನಿಂತ ಹಾಗಿರುತ್ತದೆ. ಅಲ್ಲಿ ಇಬ್ಬರಿದ್ದಾರೆ. ರೋರಿ ಹಾಡುವಾಗ ಅದೇ ಹೆಣ್ಣು ತನಗೆ ತಾನೇ ಉತ್ತರ ಕೊಟ್ಟುಕೊಳ್ಳುತ್ತಾಳೆ. ಜಗಳ ಹೋಯಿತು, ಒಂಟಿತನ ಬಂತು. ನನಗೆ ಇದು ಹಾಡಿನ ಇನ್ನೊಂದು ಅರ್ಥ ಅನ್ನಿಸುತ್ತದೆ, ನಕಲು ಅನ್ನಿಸುವುದಿಲ್ಲ. ಹಾಗಂತ ಎಲ್ಲ ಹಾಡಿಗೂ ಇದು ಹೊಂದುವುದಿಲ್ಲ. 'ಗಿಮ್ಮಿ ಎ ಪಿಗ್‌ಫುಟ್' ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆ ಹಾರ್ಲೆಮ್‌ನ ಮನೆಯೊಂದರ ಗದ್ದಲದ ಪಾರ್ಟಿಯ ಹಾಡು. ಅದಕ್ಕೆ ನಿಜವಾಗಿ ಜನ ಬೇಕು.

ಆ ಹಾಡನ್ನು ಬೆಸ್ಸಿ ಹಾಡಿದ್ದು 1933ರ ನವೆಂಬರ್‌ನಲ್ಲಿ, ತಮ್ಮ ಕೊನೆಯ ರೆಕಾರ್ಡಿಂಗ್‌ನಲ್ಲಿ. ಅವತ್ತು ನಾಲ್ಕು ಹಾಡು, ಹಾಡಿಗೆ ಮೂವತ್ತೇಳೂವರೆ ಡಾಲರ್, ರಾಯಲ್ಟಿ ಇಲ್ಲ. ಆ ನಾಲ್ಕರಲ್ಲಿ ಮೂರನ್ನು ರೋರಿ ತಮ್ಮ ಹತ್ತರಲ್ಲಿ ಸೇರಿಸಿಕೊಂಡಿದ್ದಾರೆ. 1937ರಲ್ಲಿ ಮಿಸಿಸಿಪ್ಪಿಯ ಕ್ಲಾರ್ಕ್ಸ್‌ಡೇಲ್ ಹತ್ತಿರ ರಸ್ತೆ ಅಪಘಾತದಲ್ಲಿ ಬೆಸ್ಸಿ ತೀರಿಕೊಂಡರು. ಸಮಾಧಿಗೆ ಹೆಸರಿನ ಕಲ್ಲು ಬಿದ್ದದ್ದು 1970ರಲ್ಲಿ. ರೋರಿ ಬಿಳಿ ಹೆಣ್ಣುಮಗಳು, ಈ ಹಾಡುಗಳ ಹಿಂದಿನ ಬದುಕು ಕಪ್ಪು ಹೆಂಗಸರದ್ದು. ಹಾಗಾಗಿ ಬೆಸ್ಸಿಯ ಗಂಟಲನ್ನು ತಮ್ಮ ಗಂಟಲಿಗೆ ತಂದುಕೊಳ್ಳದೆ, ಬೆಸ್ಸಿಯ ಹೆಸರನ್ನು ಆಲ್ಬಂ ಮೇಲೆ ಹಾಕಿ, ತಮ್ಮ ಕೈಗೆ ಗೊತ್ತಿರುವ ಗಿಟಾರಿನಿಂದ ಮಾತಾಡಿದ್ದು ಸರಿಯಾದ ದಾರಿ ಅಂತ ನಾನು ನಂಬುತ್ತೇನೆ.

ಬ್ಯಾಂಕಿನವರಿಗೆ ಎರಡು ರೆಕಾರ್ಡನ್ನೂ ಕೊಟ್ಟು ಕಳಿಸಿದ್ದೆ, ಮೊದಲು 1928, ಆಮೇಲೆ 2018. ಮುಂದಿನ ವಾರ ಬಂದರು. ಒರಟು ಗಂಟಲು ಮನೆಯಲ್ಲೇ ಬಿಟ್ಟು ಬಂದಿದ್ದರು. ಮೊದಲ ಸಾಲು ಹಾಡಿದರು, ನಾನು ಗಿಟಾರಿನಲ್ಲಿ ಉತ್ತರ ಕೊಟ್ಟೆ. ಎರಡನೇ ಸಾಲಿಗೆ "ಬೇಡ ಸರ್" ಅಂತ ಕೈ ಅಡ್ಡ ಹಿಡಿದರು. ಕಾಲಲ್ಲಿ ಎಣಿಕೆ ತಟ್ಟುತ್ತಾ ಕಾದರು. ಏಳನೇ ಎಣಿಕೆಗೆ ಮೂರನೇ ತಂತಿಯೊಂದನ್ನೇ ಎಳೆದು, ಹಾಗೇ ಬಿಟ್ಟರು.