ಬಾಯಿ ಮುಚ್ಚಿ ಕುಳಿತುಕೊಳ್ಳುವ ವಿದ್ಯೆ

ವಿಡಿಯೊ ಗೇಮ್ ವಿನ್ಯಾಸದ ಸ್ನಾತಕೋತ್ತರ ಕೋರ್ಸಿನ ಪ್ರವೇಶ ಸಂದರ್ಶನಗಳಲ್ಲಿ ಪರೀಕ್ಷಕಿಯಾಗಿ ಕುಳಿತಾಗಲೆಲ್ಲ ಒಂದೇ ದೃಶ್ಯ ಮರುಕಳಿಸುತ್ತದೆ. ಅಭ್ಯರ್ಥಿ ತಾನು ಮಾಡಿದ ಆಟವನ್ನು ತೆರೆದು ಕಂಟ್ರೋಲರನ್ನು ನನ್ನ ಕೈಗೆ ಕೊಡುತ್ತಾರೆ. ನಾನು ಎರಡು ಹೆಜ್ಜೆ ಇಡುವ ಮೊದಲೇ, "ಅಲ್ಲ ಮೇಡಂ, ಬಲಕ್ಕೆ ಹೋಗಿ, ಆ ಬಾಗಿಲು ಈಗ ತೆರೆಯುವುದಿಲ್ಲ, ಮೊದಲು ಕೀಲಿ ಹುಡುಕಬೇಕು" ಎಂದು ವಿವರಣೆ ಆರಂಭವಾಗುತ್ತದೆ. ಹತ್ತು ನಿಮಿಷದ ಕೊನೆಗೆ ನಾನು ಆಡಿದ್ದು ಆಟವನ್ನೋ, ಅಭ್ಯರ್ಥಿಯ ಮಾತನ್ನೋ ಎಂದು ನನಗೇ ತಿಳಿಯುವುದಿಲ್ಲ.

ಆಟ ತಯಾರಿಸುವ ತಂತ್ರಾಂಶಗಳಲ್ಲಿ ಯೂನಿಟಿ ಕಲಿಯಬೇಕೇ, ಅನ್‌ರಿಯಲ್ ಕಲಿಯಬೇಕೇ, ಕೋಡಿಂಗ್ ಎಷ್ಟು ಬರಬೇಕು ಎಂಬ ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಳ್ಳುವುದಿಲ್ಲ. ಅವುಗಳಿಗೆ ಉತ್ತರ ಎಲ್ಲೆಡೆ ಸಿಗುತ್ತದೆ. ಆದರೆ ಸ್ನಾತಕೋತ್ತರ ಹಂತಕ್ಕೆ ಬರುವವರಲ್ಲಿಯೂ, ಬಂದು ಒಂದು ವರ್ಷ ಕಳೆದವರಲ್ಲಿಯೂ ಬೇರೂರಿರುವ ಒಂದು ತಪ್ಪು ತಿಳಿವಳಿಕೆಯಿದೆ: ತಮ್ಮ ತಲೆಯಲ್ಲಿ ಇರುವುದೆಲ್ಲ ಆಟದಲ್ಲಿಯೂ ಇದೆ ಎಂದು ಅವರು ನಂಬಿರುತ್ತಾರೆ.

ಇದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಒಮ್ಮೆ ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ, ಮರುವಾರ ಮತ್ತೆ ಅದನ್ನೇ ಮಾಡುತ್ತಾರೆ. ನೀವು ಬಾಯಲ್ಲಿ ಹೇಳಿದ ಯಾವುದೂ ಆಟದ ಭಾಗವಲ್ಲ. ಎಂಬತ್ತು ಪುಟಗಳ ವಿನ್ಯಾಸ ದಾಖಲೆಯಲ್ಲಿ ಬರೆದದ್ದೂ ಆಟದ ಭಾಗವಲ್ಲ. ಬಾಗಿಲು ಬೀಗ ಹಾಕಿದೆ ಎಂದು ಆಟಗಾರನಿಗೆ ನೋಟದಿಂದಲೋ, ಶಬ್ದದಿಂದಲೋ, ಒಂದು ಸಲ ತಳ್ಳಿ ಸೋತ ಅನುಭವದಿಂದಲೋ ತಿಳಿಯದಿದ್ದರೆ, ಆ ಬೀಗ ಇರುವುದು ನಿಮ್ಮ ಮನಸ್ಸಿನಲ್ಲಿ ಮಾತ್ರ. ಆಟಗಾರ ಎಡಕ್ಕೆ ಹೋದರೆ ಅದು ಅವನ ದಡ್ಡತನವಲ್ಲ. ಅವನು ಎಡಕ್ಕೆ ಹೋಗಲು ನಿಮ್ಮ ಆಟದೊಳಗೆ ಏನೋ ಒಂದು ಕಾರಣವಿದೆ, ಅದನ್ನು ಹುಡುಕುವುದೇ ನಿಮ್ಮ ಕೆಲಸ.

1985ರ 'ಸೂಪರ್ ಮಾರಿಯೊ ಬ್ರದರ್ಸ್' ಆಟದ ಮೊದಲ ಹಂತವನ್ನು ಇದೇ ಕಾರಣಕ್ಕೆ ಮತ್ತೆ ಮತ್ತೆ ಆಡಿಸುತ್ತೇನೆ. ಹೇಗೆ ಆಡಬೇಕೆಂಬ ಸೂಚನೆ ತೆರೆಯ ಮೇಲೆ ಒಂದು ಸಾಲೂ ಇಲ್ಲ. ಮಾರಿಯೊ ಎಡಬದಿಯಲ್ಲಿ ನಿಂತಿದ್ದಾನೆ, ಬಲಕ್ಕೆ ಬಯಲಿದೆ, ಆದ್ದರಿಂದ ಯಾರೂ ಹೇಳದೆಯೇ ಬಲಕ್ಕೆ ನಡೆಯುತ್ತೇವೆ. ಎದುರಿನಿಂದ ಒಂದು ಪುಟ್ಟ ಶತ್ರು ಬರುತ್ತದೆ. ಹಾರಲು ಕಲಿಯುತ್ತೇವೆ ಅಥವಾ ಸತ್ತು ಕಲಿಯುತ್ತೇವೆ. ಮೇಲಿನ ಪೆಟ್ಟಿಗೆಯನ್ನು ಗುದ್ದಿದಾಗ ಹೊರಬರುವ ಅಣಬೆ ಬಲಕ್ಕೆ ಜಾರಿ, ಕೊಳವೆಗೆ ಬಡಿದು, ನಮ್ಮ ಕಡೆಗೇ ತಿರುಗುತ್ತದೆ. ಹೆದರಿ ಹಾರಿದರೂ ತಲೆಯ ಮೇಲಿನ ಇಟ್ಟಿಗೆಗಳು ತಡೆಯುವುದರಿಂದ, ಬಹುಪಾಲು ಆಟಗಾರರಿಗೆ ಅದು ತಗುಲಿಯೇ ತೀರುತ್ತದೆ, ಅದು ಶತ್ರುವಲ್ಲ ಎಂಬುದೂ ಆಗಲೇ ತಿಳಿಯುತ್ತದೆ. ಅಲ್ಲಿ ವಿನ್ಯಾಸಕ ಪಕ್ಕದಲ್ಲಿ ಕುಳಿತಿಲ್ಲ. ಕೊಳವೆಯೂ ಇಟ್ಟಿಗೆಯೂ ಅವನ ಪರವಾಗಿ ಮಾತನಾಡುತ್ತಿವೆ.

ಎರಡನೆಯ ವರ್ಷದ ಪ್ರಬಂಧದ ವಿಷಯವನ್ನು ಆರಿಸುವಾಗಲೂ ಇದೇ ತಪ್ಪು ವೇಷ ಬದಲಿಸಿಕೊಂಡು ಬರುತ್ತದೆ. ಬಾಲ್ಯದಿಂದ ಕಟ್ಟಿಕೊಂಡು ಬಂದ ಕನಸಿನ ಮಹಾಲೋಕವನ್ನು, ಅದರ ರಾಜವಂಶಗಳ ಸಮೇತ, ಒಂದೇ ವರ್ಷದಲ್ಲಿ ಕಟ್ಟಿಮುಗಿಸುವ ಯೋಜನೆಗಳು ನನ್ನ ಮೇಜಿಗೆ ಬರುತ್ತವೆ. ಆ ಉತ್ಸಾಹವನ್ನು ಕಂಡರೆ ನನಗೆ ಪ್ರೀತಿಯೇ, ಆದರೆ ಸಹಿ ಹಾಕುವುದಿಲ್ಲ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಜೆನೋವಾ ಚೆನ್ ತಮ್ಮ ಸ್ನಾತಕೋತ್ತರ ಪ್ರಬಂಧಕ್ಕಾಗಿ 2006ರಲ್ಲಿ ರೂಪಿಸಿದ 'ಫ್ಲೋ' ಎಂಬ ಆಟದಲ್ಲಿ ಒಂದು ನೀರಿನ ಜೀವಿ ಇತರ ಜೀವಿಗಳನ್ನು ತಿನ್ನುತ್ತ ಆಳಕ್ಕೆ ಇಳಿಯುತ್ತದೆ, ಬೇಕೆನಿಸಿದರೆ ಮೇಲೆ ಬರುತ್ತದೆ, ಹೆಚ್ಚುಕಡಿಮೆ ಇಷ್ಟೇ. ಆದರೆ ಅದರ ಹಿಂದಿದ್ದ ಪ್ರಶ್ನೆ ಸ್ಪಷ್ಟವಾಗಿತ್ತು: ಆಟ ಎಷ್ಟು ಕಠಿಣವಾಗಬೇಕೆಂಬುದನ್ನು, ಕಷ್ಟದ ಮಟ್ಟ ಆರಿಸುವ ಮೆನುವಿನ ಹಂಗಿಲ್ಲದೆ, ಆಡುತ್ತಲೇ ಆಟಗಾರ ನಿರ್ಧರಿಸುವಂತೆ ಮಾಡಬಹುದೇ? ಇಂಥ ಪ್ರಶ್ನೆಗೆ ಅಪರಿಚಿತರನ್ನು ಕೂರಿಸಿ ಆಡಿಸಿ ಉತ್ತರ ಪಡೆಯಬಹುದು. ರಾಜವಂಶಗಳನ್ನು ಹಾಗೆ ಪರೀಕ್ಷಿಸಲಾಗದು.

ಎಲ್ಲ ವಿಶ್ವವಿದ್ಯಾಲಯಗಳೂ ಒಂದೇ ಅಳತೆಗೋಲು ಹಿಡಿಯುತ್ತವೆ ಎಂದು ನಾನು ಹೇಳಲಾರೆ. ಕೆಲವೆಡೆ ಕಲೆಗೆ ಒತ್ತು, ಕೆಲವೆಡೆ ಪ್ರೋಗ್ರಾಮಿಂಗ್‌ಗೆ, ಮತ್ತೆ ಕೆಲವೆಡೆ ಸಂಶೋಧನೆಗೆ ಒತ್ತು ಇರುತ್ತದೆ. ಅರ್ಜಿ ಹಾಕುವ ಮೊದಲು ಆಯಾ ಕೋರ್ಸಿನ ಷರತ್ತುಗಳನ್ನು ಓದಿಕೊಳ್ಳುವುದು ಕ್ಷೇಮ. ಆದರೂ ಪೋರ್ಟ್‌ಫೋಲಿಯೊದಲ್ಲಿ, ಅಂದರೆ ಅಭ್ಯರ್ಥಿ ತೋರಿಸುವ ತಮ್ಮ ಕೆಲಸಗಳ ಸಂಗ್ರಹದಲ್ಲಿ, ನಾನು ಹುಡುಕುವುದು ಅರ್ಧಕ್ಕೆ ನಿಂತ ಭವ್ಯ ದೃಶ್ಯಗಳನ್ನಲ್ಲ. ಐದು ನಿಮಿಷದ ಆಟವಾದರೂ ಸರಿ, ಇಸ್ಪೀಟೆಲೆಗಳಲ್ಲಿ ಆಡುವಂಥದ್ದಾದರೂ ಸರಿ, ಅದನ್ನು ಇತರರು ಆಡಿದಾಗ ಏನಾಯಿತು, ಅದರಿಂದ ನೀವು ಏನನ್ನು ಬದಲಿಸಿದಿರಿ ಎಂಬ ಎರಡು ಪುಟದ ಟಿಪ್ಪಣಿ ಜೊತೆಗಿದ್ದರೆ ನಾನು ಅದನ್ನು ಮೊದಲು ಓದುತ್ತೇನೆ.

ಒಬ್ಬ ವಿದ್ಯಾರ್ಥಿಯ ನೆನಪಾಗುತ್ತಿದೆ. ತನ್ನ ಗುಹೆಯ ಆಟದಲ್ಲಿ ಎಲ್ಲರೂ ಎಡಕ್ಕೇ ಹೋಗುತ್ತಾರೆ, ಯಾರಿಗೂ ತಾಳ್ಮೆಯಿಲ್ಲ ಎಂದು ದೂರಿಕೊಂಡು ಬಂದಿದ್ದ. ಇನ್ನು ಹತ್ತು ಮಂದಿ ಆಡಲಿ, ನೀನು ಕೋಣೆಯ ಮೂಲೆಯಲ್ಲಿ ನಿಂತು ಒಂದು ಮಾತೂ ಆಡದೆ ಬರೆದುಕೊ ಎಂದೆ. ಮೊದಲ ದಿನ ತುಟಿ ಕಚ್ಚಿ ನಿಂತಿದ್ದ, ಪಾಪ. ಮೂರನೆಯ ದಿನ ಬಂದಾಗ ಅವನ ಪುಸ್ತಕದಲ್ಲಿ ಒಂದೇ ಸಾಲಿಗೆ ಎರಡು ಬಾರಿ ಗೆರೆ ಎಳೆದಿತ್ತು: ಗುಹೆಯ ಎಡಗೋಡೆಯಲ್ಲಿ, ಅಂದಕ್ಕೆಂದು ಅವನೇ ಇಟ್ಟಿದ್ದ ಒಂದು ಪಂಜು ಉರಿಯುತ್ತಿತ್ತು. ಅದನ್ನು ತೆಗೆದು ಬಲಗೋಡೆಗೆ ಸಿಕ್ಕಿಸಿದ. ಮರುದಿನ ಆಡಿದ ನಾಲ್ವರೂ ಬಲಕ್ಕೆ ಹೋದರು. ಇವನು ಮೂಲೆಯಲ್ಲಿ ನಿಂತು ಬರೆದುಕೊಳ್ಳುತ್ತಿದ್ದ.