ನೊಂದವರಿಂದ ಎಲ್ಲವನ್ನೂ ಹೇಳಿಸಲೇಬೇಕಾ?

ಪ್ರಶ್ನೆ: ವಾರಕ್ಕೆರಡು ದಿನ ಆಸ್ಪತ್ರೆಗೆ ಹೋಗಿ ರೋಗಿಗಳ ಜೊತೆ ಮಾತಾಡಿ, ಬೇಕು ಅಂದವರಿಗೆ ಪ್ರಾರ್ಥನೆ ಮಾಡಿ ಬರುತ್ತೇನೆ. ಅಪಘಾತ, ಸುಟ್ಟಗಾಯ, ಹಲ್ಲೆ ಅಂತ ಸೇರಿದವರ ಹತ್ತಿರ ಕೂತಾಗ ಏನು ಮಾಡಬೇಕೋ ತೋಚುವುದಿಲ್ಲ. ಟ್ರಾಮಾ ಕೌನ್ಸೆಲಿಂಗ್ ಕಲಿಯಬೇಕು ಅಂತಿದ್ದೇನೆ. ಅವರ ಮನಸ್ಸಿನಲ್ಲಿರುವುದನ್ನೆಲ್ಲ ಹೇಳಿಸಿ ಹಗುರ ಮಾಡುವುದು ಹೇಗೆ? ಯಾವ ಕೋರ್ಸ್ ಸೇರಲಿ?

ಉತ್ತರ: ಕೋರ್ಸಿನ ವಿಷಯ ಬೇಗ ಮುಗಿಸುತ್ತೇನೆ. ನಿಮ್ಮಂಥವರಿಗೆ ಸರಿಹೊಂದುವುದು ಕ್ಲಿನಿಕಲ್ ಪಾಸ್ಟೋರಲ್ ಎಜುಕೇಶನ್, ಎಲ್ಲರೂ ಸಿಪಿಇ ಅನ್ನುತ್ತಾರೆ. ರೋಗಿಗಳ ಜೊತೆಗಿದ್ದೇ ಆಧ್ಯಾತ್ಮಿಕ ಆರೈಕೆ ಕಲಿಯುವ ತರಬೇತಿ ಅದು. ಅಮೆರಿಕದ ಪದ್ಧತಿಯಲ್ಲಿ ಅದರ ಒಂದು ಯೂನಿಟ್ ಅಂದರೆ 400 ಗಂಟೆ. ಅದರಲ್ಲಿ ಜಾಸ್ತಿ ಹೊತ್ತು ವಾರ್ಡಿನಲ್ಲೇ ಕಳೆಯುತ್ತದೆ. ಅಷ್ಟು ಸಮಯ ಇಲ್ಲ ಅಂದರೆ ಮೊದಲು ಸೈಕಲಾಜಿಕಲ್ ಫಸ್ಟ್ ಏಡ್, ಅಂದರೆ ಮನಸ್ಸಿನ ಪ್ರಥಮ ಚಿಕಿತ್ಸೆ ಕಲಿಯಿರಿ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಇದಕ್ಕೊಂದು ಕೈಪಿಡಿ ತಂದಿತು. ಡಾಕ್ಟರಲ್ಲದವರೂ ಕಲಿಯಬಹುದು. ನೋಡು, ಕೇಳು, ನೆರವಿಗೆ ಜೋಡಿಸು: ಅದರ ಸಾರ ಇಷ್ಟೇ. ಗಮನಿಸಿ, ಅದರಲ್ಲಿ 'ಹೇಳಿಸು' ಅನ್ನುವ ಮಾತೇ ಇಲ್ಲ.

ನನಗೆ ಬೇಜಾರಾಗುವುದು ಇಲ್ಲೇ. ಎಷ್ಟು ತರಗತಿಗಳಲ್ಲಿ ಹೇಳಿದರೂ ಈ ಪ್ರಶ್ನೆ ಹಾಗೇ ವಾಪಸ್ ಬರುತ್ತದೆ. ಹೇಗೆ ಹೇಳಿಸುವುದು, ಹೇಗೆ ಅಳುವಂತೆ ಮಾಡುವುದು. ಒಳಗಿದ್ದರೆ ಕೊಳೆಯುತ್ತೆ, ಹೊರಗೆ ಬಂದರೆ ವಾಸಿಯಾಗುತ್ತೆ ಅಂತ ನಾವೆಲ್ಲ ನಂಬಿಕೊಂಡು ಬಂದಿದ್ದೇವೆ. ಆಘಾತದ ನೆನಪನ್ನು ಕೀವು ತುಂಬಿದ ಹುಣ್ಣು ಅಂದುಕೊಂಡಿದ್ದೇವೆ. ಅದು ಹುಣ್ಣಲ್ಲ. ಒತ್ತಿದರೆ ಖಾಲಿಯಾಗುವುದಿಲ್ಲ.

ಈ ನಂಬಿಕೆಯನ್ನು ಯಾರೂ ಪರೀಕ್ಷೆ ಮಾಡಿಲ್ಲ ಅಂದುಕೊಳ್ಳಬೇಡಿ. 1983ರಲ್ಲಿ ಜೆಫ್ರಿ ಮಿಚೆಲ್ ಅನ್ನುವವರು ಅಗ್ನಿಶಾಮಕ, ಆಂಬುಲೆನ್ಸ್ ಸಿಬ್ಬಂದಿಗಾಗಿ ಒಂದು ಪದ್ಧತಿ ಮುಂದಿಟ್ಟರು. ಭೀಕರ ಘಟನೆ ಆದ ಕೆಲವೇ ದಿನಗಳಲ್ಲಿ ಎಲ್ಲರೂ ಗುಂಪಾಗಿ ಕೂತು, ನಡೆದದ್ದನ್ನು, ಅನಿಸಿದ್ದನ್ನು ಹಂತಹಂತವಾಗಿ ಮಾತಾಡುವುದು. ಡಿಬ್ರೀಫಿಂಗ್ ಅನ್ನುವ ಹೆಸರಿನಲ್ಲಿ ಅದು ಎಲ್ಲೆಡೆ ಹರಡಿತು. ಒಬ್ಬೊಬ್ಬ ರೋಗಿಯನ್ನೂ ಕೂರಿಸಿಕೊಂಡು ಮಾಡತೊಡಗಿದರು. 1997ರಲ್ಲಿ ಬ್ರಿಟನ್ನಿನ ಒಂದು ಅಧ್ಯಯನ ಪ್ರಕಟವಾಯಿತು. ಸುಟ್ಟಗಾಯವಾದವರಲ್ಲಿ ಕೆಲವರಿಗೆ ಮೊದಲ ಮೂರು ವಾರದೊಳಗೆ ಒಂದು ಸಲ ಇಂಥ ಡಿಬ್ರೀಫಿಂಗ್ ಮಾಡಿದರು, ಉಳಿದವರಿಗೆ ಮಾಡಲಿಲ್ಲ. 13 ತಿಂಗಳ ನಂತರ ನೋಡಿದರೆ, ಡಿಬ್ರೀಫಿಂಗ್ ಆದವರಲ್ಲಿ ಶೇ. 26 ಮಂದಿಗೆ ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಬಹುಕಾಲ ಕಾಡುವ ಮಾನಸಿಕ ಕಾಯಿಲೆ, ಇತ್ತು. ಆಗದವರಲ್ಲಿ ಶೇ. 9. ಮೊದಲ ಗುಂಪಿನವರ ಗಾಯ ಸ್ವಲ್ಪ ಜಾಸ್ತಿಯೇ ಇತ್ತು, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆದರೆ 2002ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದ ಕೊಕ್ರೇನ್ ಅನ್ನುವ ವೈದ್ಯಕೀಯ ಸಂಶೋಧನಾ ಸಂಸ್ಥೆಯ ವಿಮರ್ಶೆಯೂ ಹೇಳಿದ್ದು ಅದನ್ನೇ: ಒಂದು ಸಲ ಕೂರಿಸಿ ಮಾಡುವ ಡಿಬ್ರೀಫಿಂಗ್ ಪಿಟಿಎಸ್‌ಡಿ ತಡೆಯುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ, ಕಡ್ಡಾಯ ಮಾಡುವುದನ್ನು ನಿಲ್ಲಿಸಿ.

'ಹಾಗಾದರೆ ಚಿಕಿತ್ಸೆಯಲ್ಲಿ ಹೇಳಿಸ್ತಾರಲ್ಲ?' ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಪಿಟಿಎಸ್‌ಡಿ ಚಿಕಿತ್ಸೆಯಲ್ಲಿ ನೆನಪಿನ ಹತ್ತಿರ ಹೋಗುವುದು ನಿಜ. ಆದರೆ ಅಲ್ಲಿ ಮೊದಲು ತಯಾರಿ ಇರುತ್ತದೆ. ಎಷ್ಟು ಹೊತ್ತು, ಎಲ್ಲಿ ನಿಲ್ಲಿಸುವುದು ಅನ್ನುವ ಲೆಕ್ಕ ಇರುತ್ತದೆ. ವಾರದಿಂದ ವಾರಕ್ಕೆ ಮತ್ತೆ ಮತ್ತೆ ಅಲ್ಲಿಗೆ ಹೋಗಿ, ಭಯ ತಾನಾಗಿ ಇಳಿಯುವವರೆಗೂ ಜೊತೆಗಿರುತ್ತಾರೆ. ನಾವು ಮಾಡುವುದೇನು? ಭಯ ನೆತ್ತಿಗೇರಿದ ಹೊತ್ತಿಗೆ ಗಡಿಯಾರ ನೋಡಿಕೊಂಡು ಎದ್ದು ಬರುತ್ತೇವೆ.

ಒಬ್ಬ ವಿದ್ಯಾರ್ಥಿ ತಂದ ವರ್ಬೇಟಿಮ್ ಹೇಳುತ್ತೇನೆ. ವರ್ಬೇಟಿಮ್ ಅಂದರೆ ವಾರ್ಡಿನಲ್ಲಿ ಆಡಿದ ಮಾತನ್ನು ಆಮೇಲೆ ನೆನಪಿನಿಂದ ಇದ್ದದ್ದು ಇದ್ದಹಾಗೇ ಬರೆದು ಗುಂಪಿನಲ್ಲಿ ಓದುವುದು. ಬಸ್ ಅಪಘಾತದಲ್ಲಿ ಕಾಲು ಮುರಿದುಕೊಂಡವರೊಬ್ಬರ ಜೊತೆಗಿನ ಮಾತು ಅದು. ಒಂದೂವರೆ ಪುಟದಲ್ಲಿ ವಿದ್ಯಾರ್ಥಿ ನಾಲ್ಕು ಸಲ 'ಆಮೇಲೆ ಏನಾಯ್ತು ಅಣ್ಣಾ?' ಅಂತ ಕೇಳಿದ್ದ. ಮೂರನೆಯ ಸಲದ ಪಕ್ಕದಲ್ಲಿ ಅವನೇ ಬರೆದಿದ್ದ: 'ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತುತ್ತಿದ್ದರು.' ನಾಲ್ಕನೆಯ ಸಲ ಅವರು ನೀರು ಕೇಳಿದರು. ಕುಡಿದು ಗೋಡೆ ಕಡೆ ತಿರುಗಿದರು. ಕೊನೆಯ ಸಾಲು: 'ಚೆನ್ನಾಗಿ ಮನಸ್ಸು ಬಿಚ್ಚಿದರು.'

ಆ ಬೆರಳು ಎಷ್ಟೋ ಮೊದಲೇ 'ಸಾಕು' ಅಂದಿತ್ತು, ಅಲ್ವಾ? ಬಾಯಿ ಹೇಳಲಿಲ್ಲ. ಹೇಗೆ ಹೇಳೀತು? ಕೈಗೆ ಡ್ರಿಪ್, ಕಾಲಿಗೆ ಪ್ಲಾಸ್ಟರ್. ಎದ್ದು ಹೋಗಲಾರರು. ಎದುರಿಗೆ ಕೂತವರು ದೇವರ ಹೆಸರಲ್ಲಿ ಬಂದವರು. ಅಂಥವರಿಗೆ ಬೇಡ ಅನ್ನುವುದು ಕಷ್ಟ. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು ಅಂದಮಾತ್ರಕ್ಕೆ ಮನಸ್ಸು ಬಿಚ್ಚಿದ ಹಾಗಲ್ಲ.

ಹೇಳುವುದು ಬೇರೆ, ಹೇಳಿಸುವುದು ಬೇರೆ. ನಡುವೆ ಒಂದು 'ಇಸು' ಸೇರಿದ ಕೂಡಲೇ ಕೆಲಸ ಅವರ ಕೈ ಬಿಟ್ಟು ನಮ್ಮ ಕೈಗೆ ಬರುತ್ತದೆ. ಆಘಾತ ಅಂದರೇ ತನ್ನ ಮೈಮೇಲೆ ನಡೆದದ್ದು ತನ್ನ ಹಿಡಿತದಲ್ಲಿ ಇರಲಿಲ್ಲ ಅನ್ನುವುದು. ಅಂಥವರ ಕೈಯಿಂದ ಮಾತನ್ನೂ ಕಿತ್ತುಕೊಳ್ಳಬಾರದು. ಅವರಾಗಿ ಹೇಳಲು ಶುರು ಮಾಡಿದರೆ ಪೂರ್ತಿ ಕೇಳಿ, ನಡುವೆ ಬಾಯಿ ಹಾಕಬೇಡಿ. ತಡೆಯಿರಿ ಅಂತ ನಾನು ಯಾವತ್ತೂ ಹೇಳಿಲ್ಲ. ಎಳೆಯಬೇಡಿ ಅಂತಷ್ಟೇ ಹೇಳಿದ್ದು.

ಹಾಗಾದರೆ ಕಲಿಯುವುದೇನು? ಕೂರುವ ಮೊದಲು 'ಕೂರಬಹುದಾ?' ಅಂತ ಕೇಳುವುದು, ಬೇಡ ಅಂದರೆ ಮುಖ ಸಣ್ಣ ಮಾಡಿಕೊಳ್ಳದೆ ಹೋಗುವುದು. ಬಾಗಿಲಿಗೆ ಅಡ್ಡ ಕೂರದಿರುವುದು. ನೋವು, ನಿದ್ದೆ, ಮನೆಯವರಿಗೆ ಸುದ್ದಿ ಮುಟ್ಟಿದೆಯಾ ಅನ್ನುವುದನ್ನು ಮೊದಲು ವಿಚಾರಿಸುವುದು. ಮಾತಾಡುತ್ತಾ ಅವರು ಮತ್ತೆ ಆ ಜಾಗಕ್ಕೇ ಹೋಗಿಬಿಟ್ಟರೆ, ಕಣ್ಣು ನೆಟ್ಟು ಉಸಿರು ಜೋರಾದರೆ, ಮೆತ್ತಗೆ ವಾಪಸ್ ಕರೆತರುವುದು: 'ಈಗ ಆಸ್ಪತ್ರೆಯಲ್ಲಿದ್ದೀರಿ. ನಾನು ಪಕ್ಕದಲ್ಲೇ ಇದ್ದೀನಿ. ಕೈಗೆ ಹೊದಿಕೆ ತಾಗ್ತಿದೆಯಾ ನೋಡಿ.' ಕೇಳಲು ಸುಲಭ, ಆದರೆ ಇದಕ್ಕೆ ತಿಂಗಳುಗಟ್ಟಲೆ ಅಭ್ಯಾಸ ಬೇಕು. ನನ್ನ ವಿದ್ಯಾರ್ಥಿಗಳು ಇದನ್ನು ಕಲಿತಾಗ ನನಗೆ ಆಗುವ ಸಂತೋಷ ಅಷ್ಟಿಷ್ಟಲ್ಲ.

ಯಾವಾಗ ತಜ್ಞರ ಹತ್ತಿರ ಕಳಿಸಬೇಕು ಅನ್ನುವುದೂ ಗೊತ್ತಿರಬೇಕು. ಮೊದಲ ವಾರಗಳಲ್ಲಿ ಕೆಟ್ಟ ಕನಸು, ಬೆಚ್ಚಿಬೀಳುವುದು ಸಹಜ, ಬಹಳ ಜನರಿಗೆ ತಾನಾಗಿ ಇಳಿಯುತ್ತದೆ. ಒಂದು ತಿಂಗಳು ದಾಟಿದರೂ ಇಳಿಯದಿದ್ದರೆ ಮನೋವೈದ್ಯರೋ ಮನಶ್ಶಾಸ್ತ್ರಜ್ಞರೋ ನೋಡಬೇಕು. ಸಾಯುವ ಮಾತು ಬಂದರೆ ತಿಂಗಳು ಕಾಯಬೇಡಿ. ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅವರನ್ನು ಒಂಟಿಯಾಗಿ ಬಿಡದೆ ತಕ್ಷಣ ವಾರ್ಡಿನ ಸಿಸ್ಟರ್‌ಗೆ ತಿಳಿಸಿ. 'ಯಾರಿಗೂ ಹೇಳಬೇಡಿ' ಅಂದರೂ ಅದೊಂದನ್ನು ಗುಟ್ಟಾಗಿ ಇಡುವಂತಿಲ್ಲ.

ನೀವು ಕೇಳದ ಒಂದು ಮಾತು ಉಳಿದಿದೆ. ಇಂಥ ಪತ್ರ ಬರೆಯುವವರಲ್ಲಿ ಎಷ್ಟೋ ಜನ ತಾವೇ ಪೆಟ್ಟು ತಿಂದವರು. ನಾನೇ ಮುರಿದವನು, ಈ ಕೆಲಸ ಮಾಡಬಹುದಾ ಅನ್ನುವ ಅಳುಕು ಸಾಲುಗಳ ನಡುವೆ ಕಾಣುತ್ತದೆ. ಸಿಪಿಇಗೆ ದಾರಿ ಹಾಕಿಕೊಟ್ಟ ಆಂಟನ್ ಬಾಯ್ಸನ್ 1920ರಲ್ಲಿ ತೀವ್ರ ಮಾನಸಿಕ ಕಾಯಿಲೆಯಿಂದ ಸ್ವತಃ ಆಸ್ಪತ್ರೆ ಸೇರಿದ್ದವರು. ಅದೇ ಮನುಷ್ಯ 1925ರಲ್ಲಿ ಮ್ಯಾಸಚೂಸೆಟ್ಸ್‌ನ ವುಸ್ಟರ್ ಮಾನಸಿಕ ಆಸ್ಪತ್ರೆಗೆ ಧರ್ಮಶಾಸ್ತ್ರದ ವಿದ್ಯಾರ್ಥಿಗಳನ್ನು ಕರೆತಂದರು. ಪುಸ್ತಕ ಓದುವಷ್ಟೇ ಶ್ರದ್ಧೆಯಿಂದ ರೋಗಿಯನ್ನು ಓದಿ ಅಂದರು.

ಆದ್ದರಿಂದ ಮಾಡಬಹುದು. ಆದರೆ ಯಾವ ವಾರ್ಡಿಗೆ ಈಗ ಹೋಗಲಾರೆ ಅನ್ನುವುದನ್ನು ಮೇಲ್ವಿಚಾರಕರಿಗೆ ಮೊದಲೇ ಹೇಳಿಬಿಡಿ. ನನ್ನ ತಮ್ಮ ತೀರಿಕೊಂಡ ಮೇಲೆ ಸುಮಾರು ಒಂದು ವರ್ಷ ನಾನು ಐಸಿಯುಗೆ ಹೋಗಲಿಲ್ಲ. ವೆಂಟಿಲೇಟರಿನ ಸದ್ದು ಕೇಳಿದರೆ ಮಂಚದ ಮೇಲಿದ್ದವರ ಮುಖ ಕಾಣುತ್ತಿರಲಿಲ್ಲ, ಅವನ ಮುಖ ಕಾಣುತ್ತಿತ್ತು. ನನ್ನ ಬದಲು ಜೊತೆಯವರು ಹೋದರು. ಮತ್ತೆ ಶುರು ಮಾಡಿದ ದಿನ ಒಬ್ಬ ಅಮ್ಮನ ಪಕ್ಕದಲ್ಲಿ ಹತ್ತು ನಿಮಿಷ ಸುಮ್ನೆ ಕೂತೆ. ಅವರೂ ಮಾತಾಡಲಿಲ್ಲ. ಆ ವಾರದ ನನ್ನ ವರ್ಬೇಟಿಮ್‌ನಲ್ಲಿ ಎರಡೇ ಸಾಲು ಇದ್ದವು. ಅದನ್ನೇ ಗುಂಪಿನಲ್ಲಿ ಓದಿದೆ.